ವಿಯೆನ್ನಾದ "ಶಾಪದ ಕಾರು" ಇರೋ ಮ್ಯೂಸಿಯಂ: ಹೋಗ್ಲೇಬೇಕು, ಆದ್ರೆ ಶಾಪ ಹುಡುಕ್ಕೊಂಡು ಅಲ್ಲ

ವಿಯೆನ್ನಾಗೆ ಹೋಗೋ ನಮ್ಮೋರು ತುಂಬಾ ಜನ ಷೋನ್‌ಬ್ರುನ್ ಅರಮನೆ ನೋಡಿ, ಸ್ಟೆಫಾನ್ ಚರ್ಚ್ ಮುಂದೆ ಫೋಟೋ ಹೊಡ್ಕೊಂಡು, ಒಂದು ಪೀಸ್ ಚಾಕೊಲೇಟ್ ಕೇಕ್ ತಿಂದು ಬುಡಾಪೆಸ್ಟ್ ಟ್ರೈನ್ ಹತ್ತಿಬಿಡ್ತಾರೆ. ಅರ್ಧ ದಿನ ಜಾಸ್ತಿ ಇದ್ರೆ ದಯವಿಟ್ಟು ಆರ್ಸೆನಾಲ್ ಅನ್ನೋ ಹಳೇ ಮಿಲಿಟರಿ ಕಟ್ಟಡಗಳ ಆವರಣದಲ್ಲಿರೋ ಮಿಲಿಟರಿ ಹಿಸ್ಟರಿ ಮ್ಯೂಸಿಯಂಗೆ ಹೋಗಿ. ಇಡೀ ಮ್ಯೂಸಿಯಂ ಬಗ್ಗೆ ಬರೀತಿಲ್ಲ ನಾನು, ಅದ್ರೊಳಗಿರೋ ಒಂದೇ ಒಂದು ಕಾರಿನ ಬಗ್ಗೆ ಬರೀತಿದೀನಿ, ಯಾಕಂದ್ರೆ ಈ ಕಾರಿನ ಬಗ್ಗೆ ವಾಟ್ಸಾಪಲ್ಲಿ, ಯೂಟ್ಯೂಬಲ್ಲಿ ಓಡಾಡ್ತಿರೋ ಕಥೆಗೂ ಅಲ್ಲಿ ಕಣ್ಮುಂದೆ ಇರೋದಕ್ಕೂ ಸಂಬಂಧಾನೇ ಇಲ್ಲ.

1914 ಜೂನ್ 28, ಸರಾಯೆವೋ. ಆಸ್ಟ್ರಿಯಾದ ಯುವರಾಜ ಫ್ರಾಂಟ್ಸ್ ಫರ್ಡಿನಾಂಡ್ ಮತ್ತು ಅವನ ಹೆಂಡತಿ ಸೋಫಿಯನ್ನ ಗಾವ್ರಿಲೋ ಪ್ರಿನ್ಸಿಪ್ ಅನ್ನೋ ಹುಡುಗ ಗುಂಡಿಟ್ಟು ಕೊಂದ, ಮೊದಲನೇ ಮಹಾಯುದ್ಧಕ್ಕೆ ಕಿಡಿ ಬಿತ್ತು, ಇದು ಸ್ಕೂಲಲ್ಲೇ ಓದಿದ್ವಿ. ಅವರು ಕೂತಿದ್ದ ಕಾರೇ ಇದು.

ಸಿಟಿ ಟೂರ್ ಬಸ್ಸಲ್ಲಿ ನಮ್ಗೆ ಸಿಕ್ಕ ಗೈಡ್ ಹೇಳಿದ ಕಥೆ ಹೀಗಿತ್ತು. ರಕ್ತದ ಥರ ಕೆಂಪು ಕಾರಂತೆ. ಕೊಲೆ ಆದ್ಮೇಲೆ ಜನರಲ್ ಪೊಟಿಯೊರೆಕ್ ಅನ್ನೋನ ಕೈಗೆ ಬಂತಂತೆ, ಅವನು ಯುದ್ಧ ಸೋತು ಹುಚ್ಚು ಹಿಡಿದು ಸತ್ತನಂತೆ. ಆಮೇಲೆ ಒಬ್ಬ ಕ್ಯಾಪ್ಟನ್, ದಾರೀಲಿ ಇಬ್ರು ರೈತ್ರನ್ನ ಗುದ್ದಿ ತಾನೂ ಸತ್ತ, ಆಮೇಲೆ ಒಬ್ಬ ಗವರ್ನರ್ ಕೈ ಕಳ್ಕೊಂಡ, ಡಾಕ್ಟ್ರು ಕಾರಡಿ ಸಿಕ್ಕಿ ಸತ್ರು, ವಜ್ರದ ವ್ಯಾಪಾರಿ ಆತ್ಮಹತ್ಯೆ ಮಾಡ್ಕೊಂಡ, ಕೊನೆಗೊಬ್ಬ ಶಾಪ ಹೋಗ್ಲಿ ಅಂತ ನೀಲಿ ಪೇಂಟ್ ಹೊಡ್ಸಿ ಮದುವೆಗೆ ಜನ ತುಂಬ್ಕೊಂಡು ಹೊರಟು ಎಲ್ಲರ ಜೊತೆ ಸತ್ತ, ಕಾರು ಮ್ಯೂಸಿಯಂಗೆ ಬಂದ್ಮೇಲೆ ಬಾಂಬ್ ಬಿದ್ದು ಪುಡಿಪುಡಿ ಆಯ್ತಂತೆ. ಬಸ್ಸಲ್ಲಿದ್ದೋರೆಲ್ಲ ಬಾಯಿ ಬಿಟ್ಕೊಂಡು ಕೇಳಿದ್ರು. ಆ ಗೈಡ್ ಒಂದ್ಸಲಾನೂ ಮ್ಯೂಸಿಯಂ ಒಳಗೆ ಕಾಲಿಟ್ಟಿಲ್ಲ ಅಂತ ಕಾಣುತ್ತೆ. ಪುಡಿಪುಡಿ ಆದ ಕಾರು ಅಲ್ಲೇ ಕೂತಿದೆ, ನಾಲ್ಕೂ ಚಕ್ರದ ಸಮೇತ.

ನಿಜ ಏನಂದ್ರೆ ಕಾರು ಗೈಡ್ ಹೇಳಿದ ಯಾರ ಕೈಗೂ ಹೋಗ್ಲೇ ಇಲ್ಲ. ಗ್ರಾಫ್ ಉಂಡ್ ಸ್ಟಿಫ್ಟ್ ಅನ್ನೋ ವಿಯೆನ್ನಾ ಕಂಪನಿಯ ಗಾಡಿ, 1910ರದ್ದು, 4 ಸಿಲಿಂಡರ್, 32 ಹಾರ್ಸ್‌ಪವರ್, ಮೇಲೆ ಮಡಚೋ ಹುಡ್ಡು. ಯುವರಾಜನದ್ದೂ ಅಲ್ಲ, ಕೌಂಟ್ ಹಾರಾಖ್ ಅನ್ನೋನದ್ದು, ಅವತ್ತು ಅವನೇ ಕಾರಿನ ಎಡಗಡೆ ಫುಟ್‌ಬೋರ್ಡ್ ಮೇಲೆ ನಿಂತಿದ್ದ, ಗುಂಡು ಬಂದಿದ್ದು ಬಲಗಡೆಯಿಂದ. ಕೊಲೆ ಆದ್ಮೇಲೆ ಅವನು ಅದನ್ನ ಚಕ್ರವರ್ತಿಗೆ ಕೊಟ್ಟ, ಚಕ್ರವರ್ತಿ ಮ್ಯೂಸಿಯಂಗೆ ಕೊಟ್ಟ, 1914ರಲ್ಲೇ ಪ್ರದರ್ಶನಕ್ಕಿಟ್ರು. ಕಾರು ಮ್ಯೂಸಿಯಂ ಬಿಟ್ಟು ರೋಡಿಗೇ ಇಳೀಲಿಲ್ಲ ಅಂದ್ಮೇಲೆ ಕ್ಯಾಪ್ಟನ್ ಎಲ್ಲಿಂದ ಬಂದ, ಡಾಕ್ಟ್ರು ಎಲ್ಲಿಂದ ಬಂದ್ರು? ಪೊಟಿಯೊರೆಕ್ ಸರ್ಬಿಯಾದಲ್ಲಿ ಸೋತು 1914ರ ಡಿಸೆಂಬರಲ್ಲಿ ಕೆಲಸ ಕಳ್ಕೊಂಡಿದ್ದು ನಿಜ, ಆದ್ರೆ ಅವನು ಸತ್ತಿದ್ದು 1933ರಲ್ಲಿ, 80 ವರ್ಷ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ 1944ರಲ್ಲಿ ಮ್ಯೂಸಿಯಂ ಮೇಲೆ ಬಾಂಬ್ ಬಿದ್ದಿದ್ದೂ ನಿಜ, ಕಾರು ಉಳ್ಕೊಂಡಿದೆ. ಈ ಕಂತು ಕಂತು ಸಾವಿನ ಕಥೆ ಜಗತ್ತಿಗೆಲ್ಲ ಹಬ್ಬಿದ್ದು ಬಹುಪಾಲು 1959ರಲ್ಲಿ ಅಮೆರಿಕದಲ್ಲಿ ಬಂದ ಒಂದು ವಿಚಿತ್ರ ಸಂಗತಿಗಳ ಪುಸ್ತಕದಿಂದ.

ಈಗ ಆ ರೂಮಿನ ಬಗ್ಗೆ. ಕಾರು ನೀವು ಅಂದ್ಕೊಂಡಿದ್ದಕ್ಕಿಂತ ದೊಡ್ದು, ಎತ್ತರ ಇದೆ, ಕೂತವರು ಜನರ ತಲೆಗಿಂತ ಮೇಲೆ ಕಾಣ್ತಿದ್ರು ಅನ್ನೋದು ಪಕ್ಕದಲ್ಲಿ ನಿಂತಾಗ್ಲೇ ಅರ್ಥ ಆಗೋದು. ಕೆಂಪಿನ ಸುಳಿವೇ ಇಲ್ಲ, ಕಡು ಬಣ್ಣ. ಬಲಗಡೆ ಹೋಗಿ ನಿಧಾನಕ್ಕೆ ನೋಡಿ, ಪಕ್ಕದ ತಗಡಲ್ಲಿ ಗುಂಡಿನ ತೂತು ಕಾಣುತ್ತೆ. ಒಂದು ಗುಂಡು ಯುವರಾಜನ ಕುತ್ತಿಗೆಗೆ, ಇನ್ನೊಂದು ಆ ತಗಡು ತೂರ್ಕೊಂಡು ಸೋಫಿಯ ಹೊಟ್ಟೆಗೆ. ಅದೇ ಹಾಲಲ್ಲಿ ಯುವರಾಜನ ತಿಳಿನೀಲಿ ಕೋಟು ಇದೆ, ರಕ್ತದ ಕಲೆ ಇನ್ನೂ ಇದೆ, ಉಸಿರಾಡ್ಲಿ ಅಂತ ಕತ್ತರಿಸಿದ ಜಾಗನೂ ಕಾಣುತ್ತೆ. ಅವನು ಪ್ರಾಣ ಬಿಟ್ಟ ಸೋಫಾನೂ ಇದೆ. ಕೊನೇಲಿ ಹೆಂಡತಿಗೆ ಸಾಯ್ಬೇಡ, ಮಕ್ಕಳಿಗೋಸ್ಕರ ಬದುಕಿರು ಅಂದನಂತೆ, ಪಕ್ಕದಲ್ಲಿದ್ದ ಹಾರಾಖ್ ಆಮೇಲೆ ಹೇಳಿದ್ದು ಇದು. ನನ್ನ ಕಣ್ಣು ತುಂಬಿ ಬಂತು, ಯಾವ ಶಾಪದ ಕಥೆ ಕೇಳಿದಾಗ್ಲೂ ಹೀಗಾಗಿರ್ಲಿಲ್ಲ.

ನಂಬರ್ ಪ್ಲೇಟ್ ಫೋಟೋ ಎಲ್ಲರೂ ತೆಗೀತಿದ್ರು. ಎ ಆದ್ಮೇಲೆ ರೋಮನ್ ಮೂರು (III, ಮೂರು ಒಂದರ ಥರ ಕಾಣುತ್ತೆ), ಆಮೇಲೆ 118. ಎ ಅಂದ್ರೆ ಆರ್ಮಿಸ್ಟಿಸ್ (ಕದನವಿರಾಮ), ಉಳಿದಿದ್ದು 11-11-18 ಅಂತ ಓದಿ ಯುದ್ಧ ನಿಂತ ತಾರೀಖು ಮೊದಲೇ ಬರೆದಿತ್ತು ಅಂತಾರೆ. ನಮ್ಮ ಗಾಡಿಗಳ ಮೇಲೆ ಕೆಎ ಇರೋ ಹಾಗೆ ಅಲ್ಲಿ ಎ ಅಂದ್ರೆ ವಿಯೆನ್ನಾ ಗಾಡಿ ಅಂತ ಅಷ್ಟೇ. ತಾರೀಖು ಹೊಂದೋದು ಕಾಕತಾಳೀಯ, ಅದಕ್ಕಿಂತ ಜಾಸ್ತಿ ಅದ್ರಲ್ಲಿ ಏನೂ ಇಲ್ಲ.

ನಮ್ಮ ಕಡೆ ಒಂದು ಗಾಡಿ ಎರಡು ಸಲ ಆಕ್ಸಿಡೆಂಟ್ ಆದ್ರೆ ಈ ಗಾಡಿ ನಮಗೆ ಆಗಿಬರ್ಲಿಲ್ಲ ಅಂತ ಮಾರಿಬಿಡ್ತೀವಿ. ಆ ಭಯ ನನಗೆ ಗೊತ್ತು, ಅದನ್ನ ಹಗುರವಾಗಿ ಮಾತಾಡಲ್ಲ, ಆಯುಧಪೂಜೆ ದಿನ ಚಕ್ರಕ್ಕೆ ನಿಂಬೆಹಣ್ಣು ಇಡೋದು ನಾನೂ ಮಾಡ್ತೀನಿ. ಆದ್ರೆ ಸರಾಯೆವೋದಲ್ಲಿ ಆಗಿದ್ದು ನೋಡಿ. ಅವತ್ತು ಬೆಳಗ್ಗೆನೇ ಒಂದು ಬಾಂಬ್ ಎಸೆದಿದ್ರು, ಅದು ಈ ಕಾರಿನ ಮಡಚಿದ ಹುಡ್ಡಿಗೆ ಬಡಿದು ಹಿಂದೆ ಹಾರಿ ಹಿಂದಿನ ಕಾರಿನ ಹತ್ರ ಸಿಡೀತು, ಅಂದ್ರೆ ಮೊದಲ್ನೇ ಸಲ ಈ ಕಾರು ಅವರನ್ನ ಉಳಿಸ್ತು ಅಂತಾನೇ ಹೇಳ್ಬಹುದು. ಟೌನ್ ಹಾಲ್ ಕಾರ್ಯಕ್ರಮ ಮುಗಿದ್ಮೇಲೆ ಗಾಯ ಆದ ಆಫೀಸರ್‌ನ ನೋಡೋಕೆ ಆಸ್ಪತ್ರೆಗೆ ಹೋಗೋಣ, ನದಿ ಪಕ್ಕದ ರೋಡಲ್ಲೇ ನೇರ ಹೋಗೋಣ ಅಂತ ದೊಡ್ಡೋರೆಲ್ಲ ಕೂತು ತೀರ್ಮಾನ ಮಾಡಿದ್ರು, ಡ್ರೈವರ್‌ಗಳಿಗೆ ಹೇಳೋದನ್ನ ಮಾತ್ರ ಮರೆತ್ರು. ಮುಂದಿನ ಕಾರು ಹಳೇ ರೂಟಿನ ಪ್ರಕಾರ ಬಲಕ್ಕೆ ತಿರುಗ್ತು, ಡ್ರೈವರ್ ಲೊಯ್ಕಾ ಅದರ ಹಿಂದೆ ತಿರುಗಿಸಿದ, ಅದೇ ಕಾರಲ್ಲಿ ಕೂತಿದ್ದ ಜನರಲ್ ಪೊಟಿಯೊರೆಕ್ ನಿಲ್ಲಿಸು ತಪ್ಪು ದಾರಿ ಅಂತ ಕೂಗಿದ, ಕಾರು ನಿಂತಿದ್ದು ಸರಿಯಾಗಿ ಪ್ರಿನ್ಸಿಪ್ ಮುಂದೆ. ಒಂದು ಮಾತು ಡ್ರೈವರ್‌ಗೆ ಹೇಳಿದ್ರೆ ಆಗ್ತಿತ್ತು. ಅದಕ್ಕೇ ನನಗೆ ಈ ಶಾಪದ ಕಥೆ ಕೇಳಿದ್ರೆ ಕೋಪ ಬರುತ್ತೆ, ಸೆಕ್ಯೂರಿಟಿ ಸರಿಯಾಗಿ ನೋಡ್ಕೊಳ್ದೇ ಇದ್ದೋರೆಲ್ಲ ತಪ್ಪಿಸ್ಕೊಂಡು ಮಾತೇ ಬರದ ಒಂದು ಗಾಡಿ ಮೇಲೆ ಅಪವಾದ ಬಂತು.

ಇನ್ನೊಂದು, ಆ ದಂಪತಿಯ ಮೂರು ಮಕ್ಕಳು ಒಂದೇ ದಿನ ಅನಾಥರಾದ್ರು, ಇಬ್ಬರು ಗಂಡುಮಕ್ಕಳನ್ನ 1938ರಲ್ಲಿ ನಾಜಿಗಳು ಡಾಖೌ ಅನ್ನೋ ಸೆರೆ ಕ್ಯಾಂಪಿಗೆ ಹಾಕಿದ್ರು. ಹೇಳೋದಾದ್ರೆ ಇದನ್ನ ಹೇಳಿ ಅಂತ ಗೈಡ್‌ಗಳಿಗೆ ನನ್ನ ವಿನಂತಿ. ಇಲ್ಲದ ವಜ್ರದ ವ್ಯಾಪಾರಿ ಯಾಕೆ ಬೇಕು?

ಹೋಗೋರಿಗೆ ನನ್ನ ಸಲಹೆ, ಮೊದ್ಲು ಬೆಲ್ವೆಡೇರ್ ಅರಮನೆ ನೋಡಿ, ಅದರ ಮೇಲಿನ ಭಾಗದಲ್ಲೇ ಈ ಯುವರಾಜ ವಾಸ ಇದ್ದಿದ್ದು, ಅಲ್ಲಿಂದ ಪಾರ್ಕ್ ದಾಟ್ಕೊಂಡು ನಡ್ಕೊಂಡೇ ಮ್ಯೂಸಿಯಂಗೆ ಬರಬಹುದು, ಆ ಮನುಷ್ಯನ ಮನೆ ನೋಡಿ ಆಮೇಲೆ ಅವನು ಕೂತಿದ್ದ ಕಾರು ನೋಡಿದ್ರೆ ಅನುಭವಾನೇ ಬೇರೆ. ಮೇನ್ ರೈಲ್ವೆ ಸ್ಟೇಷನ್ನಿಂದಾನೂ ಹತ್ರ. 19 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ತಿಂಗಳ ಮೊದಲನೇ ಭಾನುವಾರ ಎಲ್ಲರಿಗೂ ಫ್ರೀ. ಕಟ್ಟಡದ ಒಳಗಡೆ ಕಂಬ, ಚಿತ್ರ, ಸೇನಾಪತಿಗಳ ಪ್ರತಿಮೆಗಳೇ ಒಂದು ನೋಟ, 1683ರ ಟರ್ಕಿ ಮುತ್ತಿಗೆಯ ಸಾಮಾನುಗಳು, 38 ಸೆಂಟಿಮೀಟರ್ ಬಾಯಿಯ ದೈತ್ಯ ಫಿರಂಗಿ ಎಲ್ಲ ಇವೆ, ಇಂಟರೆಸ್ಟ್ ಇರೋರು ನೋಡಿ, ನಾನು ಬೇಗ ಬೇಗ ದಾಟ್ಕೊಂಡು ಹೋದೆ. ಕಾರಿನ ಹಾಲಿಗೆ ಒಂದು ಗಂಟೆನಾದ್ರೂ ಇಟ್ಕೊಳ್ಳಿ. ಚಿಕ್ಕ ಮಕ್ಕಳಿದ್ರೆ ರಕ್ತದ ಕೋಟಿನ ಬಗ್ಗೆ ಮೊದಲೇ ಹೇಳಿ ಕರ್ಕೊಂಡು ಹೋಗಿ, ದೊಡ್ಡ ಮಕ್ಕಳಿದ್ರೆ ಸರಾಯೆವೋ ಮ್ಯಾಪ್ ಮೊಬೈಲಲ್ಲಿ ತೆಗೆದು ಆ ತಿರುವು ಎಲ್ಲಿ ಅಂತ ಅಲ್ಲೇ ತೋರಿಸಿ. ನನ್ನ ಕಡೆಯಿಂದ 5ಕ್ಕೆ 5.