ಪುಟ್ಟ ಸ್ಟೆಪ್ಪರ್ ಮೋಟರಿಗೆ ಎರಡು ಸಪ್ಲೈ ಕೊಂಡೆ, ಉಳಿದದ್ದು ಒಂದು

ಈಗ ಮೇಜಿನ ಮೇಲಿರುವುದು ಮೀನ್ ವೆಲ್ ಕಂಪನಿಯ ಎಲ್‌ಆರ್‌ಎಸ್-50-24, ಅಂದರೆ ಮನೆಯ ಕರೆಂಟನ್ನು ಮೋಟರಿಗೆ ಬೇಕಾದ ಡಿಸಿಗೆ ಇಳಿಸುವ ಪವರ್ ಸಪ್ಲೈ. 24 ವೋಲ್ಟ್, 2.2 ಆಂಪ್. ಐದು ತಿಂಗಳಾಯಿತು, ಒಂದು ದಿನವೂ ತಲೆನೋವು ಕೊಟ್ಟಿಲ್ಲ. ಆದರೆ ಇದಕ್ಕೂ ಮುಂಚೆ ಇನ್ನೊಂದು ಡಬ್ಬಕ್ಕೆ ದುಡ್ಡು ಸುರಿದಿದ್ದೆ. ಆ ಕಥೆ ಬಿಟ್ಟರೆ ಈ ರಿವ್ಯೂಗೆ ಅರ್ಥವಿಲ್ಲ.

ನಮ್ಮ ಮಾವ ಊರಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಿಕ್ಸಿ, ಫ್ಯಾನು, ಬೇಸಿಗೆ ಬಂತೆಂದರೆ ಪಂಪ್‌ಸೆಟ್. ಸಣ್ಣ ಕಾಯಿಲ್‌ಗಳನ್ನು ಕೈಯಲ್ಲೇ ಸುತ್ತುತ್ತಾ ಎಣಿಸುತ್ತಾರೆ, ಅಷ್ಟರಲ್ಲಿ ಯಾರಾದರೂ ಬಂದು "ನನ್ನ ಫ್ಯಾನ್ ಆಯ್ತಾ?" ಅಂದರೆ ಎಣಿಕೆ ಹೋಯಿತು. ಅವರಿಗೊಂದು ಸುತ್ತುವ ಯಂತ್ರ ಮಾಡಿಕೊಡೋಣ ಅಂತ ಒಂದು ನೆಮಾ 17 ಸ್ಟೆಪ್ಪರ್ ಮೋಟರ್ (ಸ್ಟೆಪ್ ಸ್ಟೆಪ್ ಆಗಿ, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು), ಅದಕ್ಕೆ ಕರೆಂಟ್ ಕೊಡುವ ಎ4988 ಡ್ರೈವರ್, ಸ್ಟೆಪ್ ಎಣಿಸಿ ಆದೇಶ ಕೊಡಲು ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದೆ. ಒಂದು ಸುತ್ತಿಗೆ ಸರಿಯಾಗಿ 200 ಸ್ಟೆಪ್, ಎಣಿಕೆ ತಪ್ಪುವ ಮಾತೇ ಇಲ್ಲ ಅಂತ ಲೆಕ್ಕ.

ಮೋಟರಿನ ವಿವರದಲ್ಲಿ 2.8 ವೋಲ್ಟ್, 1.68 ಆಂಪ್ ಅಂತಿತ್ತು. ಎಲ್ಲರೂ ಎಡವುವುದು ಇಲ್ಲೇ. ಹಾಗಾದರೆ ಫೋನ್ ಚಾರ್ಜರ್ ಸಾಕಲ್ವಾ ಅಂದುಕೊಂಡೆ. ಸಾಲದು. ಎ4988ಗೆ ಮೋಟರ್ ಕಡೆ ಕನಿಷ್ಠ 8 ವೋಲ್ಟ್ ಬೇಕು, 35ರವರೆಗೆ ತಡೆಯುತ್ತದೆ. ಆ 2.8 ಅನ್ನುವುದು ಮೋಟರಿನೊಳಗಿನ ಕಾಯಿಲ್‌ನ ರೆಸಿಸ್ಟೆನ್ಸ್ ಮತ್ತು ಆಂಪ್ ಗುಣಿಸಿದರೆ ಬರುವ ಲೆಕ್ಕ, ಅಷ್ಟೇ. ಡ್ರೈವರ್ ತಾನೇ ಕರೆಂಟನ್ನು ಕತ್ತರಿಸಿ ಕತ್ತರಿಸಿ ಮಿತಿಯಲ್ಲಿ ಇಡುತ್ತದೆ, ಹಾಗಾಗಿ ಹಿಂದಿನಿಂದ ಜಾಸ್ತಿ ವೋಲ್ಟ್ ಕೊಟ್ಟರೆ ಮೋಟರ್ ಸುಡಲ್ಲ. ಬದಲಿಗೆ ಕಾಯಿಲ್‌ಗೆ ಕರೆಂಟ್ ಬೇಗ ತುಂಬುತ್ತದೆ.

ಇಷ್ಟೆಲ್ಲ ಆಗ ಗೊತ್ತಿರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿದೆ. "12 ವೋಲ್ಟ್ 5 ಆಂಪ್ ತಗೊಳ್ಳಿ ಸಾರ್, ಏನು ಬೇಕಾದರೂ ಓಡುತ್ತೆ" ಅಂದರು. ತೂತು ತೂತಿನ ತಗಡಿನ ಡಬ್ಬ, ಹೆಸರಿಲ್ಲ. ಕೈಗೆ ತಗೊಂಡರೆ ಖಾಲಿ ಬೆಂಕಿಪೊಟ್ಟಣದ ತೂಕ. ಅಲ್ಲೇ ಅನುಮಾನ ಬರಬೇಕಿತ್ತು. ಮನೆಗೆ ತಂದು ಮಲ್ಟಿಮೀಟರ್ ಇಟ್ಟೆ. ಲೋಡ್ ಇಲ್ಲದಾಗ 12.1 ತೋರಿಸಿತು, ಮೋಟರ್ ಓಡಿಸಿದರೆ 10.6ಕ್ಕೆ ಜಾರಿತು, ಆಗ ಎಳೆಯುತ್ತಿದ್ದದ್ದು ಒಂದೂವರೆ ಆಂಪ್ ಕೂಡ ಇಲ್ಲ! ಅದಕ್ಕಿಂತ ಕೆಟ್ಟದ್ದು ಅರ್ತ್. ಸ್ಕ್ರೂ ಇತ್ತು, ಗುರುತೂ ಇತ್ತು, ಆದರೆ ಸ್ಕ್ರೂವಿನಿಂದ ತಗಡಿಗೆ ಮೀಟರ್ ಬೀಪ್ ಅನ್ನಲಿಲ್ಲ, ಅಂದರೆ ಎರಡಕ್ಕೂ ಸಂಪರ್ಕವೇ ಇಲ್ಲ. ಸುಮ್ನೆ ಅಲಂಕಾರಕ್ಕೆ ಇಟ್ಟ ಸ್ಕ್ರೂ. ಮಾವನ ಅಂಗಡಿಯಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿದ್ದಾರೆ, ಅಂಥ ಕಡೆ ಇದನ್ನು ಹೇಗೆ ಇಡಲಿ?

ವೇಗದ್ದೂ ತೊಂದರೆ. ನಿಮಿಷಕ್ಕೆ 300 ಸುತ್ತು ದಾಟಿಸಿದರೆ ಮೋಟರ್ ತಿರುಗದೆ ನಿಂತಲ್ಲೇ ಕೂಗುತ್ತಿತ್ತು. ವೇಗ ಹೆಚ್ಚಾದಂತೆ ಪ್ರತಿ ಸ್ಟೆಪ್‌ಗೆ ಸಿಗುವ ಸಮಯ ಕಡಿಮೆ, ಕಾಯಿಲ್ ತುಂಬುವ ಮೊದಲೇ ಮುಂದಿನ ಸ್ಟೆಪ್ ಬಂದುಬಿಡುತ್ತದೆ, ಸಾಲದ್ದಕ್ಕೆ ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಹಾಗಾಗಿ 12ರಲ್ಲಿ ಉಸಿರು ಕಟ್ಟುತ್ತದೆ. ಕ್ಯಾಮೆರಾವನ್ನು ಮೆಲ್ಲಗೆ ತಿರುಗಿಸುವ ಕೆಲಸವಾದರೆ ಒಳ್ಳೆ 12 ವೋಲ್ಟೇ ಸಾಕು. ಕಾಯಿಲ್ ಸುತ್ತಲು ಸಾಲದು.

ಹಾಗೆ ಬಂದದ್ದು ಈ 24 ವೋಲ್ಟಿನದು. ಸಾವಿರ ರೂಪಾಯಿ ಆಸುಪಾಸು ಬಿತ್ತು. ಅದೇ ಮೋಟರ್, ಅದೇ ಡ್ರೈವರ್, ಈಗ 600 ಸುತ್ತಿನವರೆಗೆ ನೆಮ್ಮದಿಯಾಗಿ ಹೋಗುತ್ತದೆ. 2.2 ಆಂಪ್ ಕಡಿಮೆಯಾಗಲಿಲ್ಲವಾ ಅಂತ ಕೇಳುವವರಿಗೆ: ಎರಡು ಕಾಯಿಲ್, ತಲಾ 1.68 ಆಂಪ್, 2.8 ವೋಲ್ಟ್, ಒಟ್ಟು ಒಂಬತ್ತೂವರೆ ವಾಟ್ ಬಿಸಿಗೆ ಹೋಗುತ್ತದೆ. ತಿರುಗುವ ಕೆಲಸಕ್ಕೆ ಇನ್ನಷ್ಟು ಸೇರಿಸಿದರೂ 50 ವಾಟ್ ಧಾರಾಳ. ಸಪ್ಲೈಯಿಂದ ಎಳೆಯುವ ಆಂಪ್ ಕಾಯಿಲ್‌ನ ಆಂಪ್‌ಗಿಂತ ಕಡಿಮೆಯೇ ಇರುತ್ತದೆ. 10 ಆಂಪ್ ಕೊಳ್ಳುವುದು ದಂಡ.

ನನಗೆ ತುಂಬಾ ಹಿಡಿಸಿದ್ದು ಇದರ ಇನ್‌ಪುಟ್, 85ರಿಂದ 264 ವೋಲ್ಟ್ ಎಸಿ. ಊರಲ್ಲಿ ತೋಟದ ಪಂಪ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆಯ ಬಲ್ಬ್ ಕೆಂಪಗಾಗುತ್ತದಲ್ಲ, ಆಗಲೂ ಇದು 24ರಿಂದ ಕದಲಲಿಲ್ಲ. ಫ್ಯಾನ್ ಇಲ್ಲ, ಸದ್ದಿಲ್ಲ. ಅರ್ತ್‌ಗೆ ಮೀಟರ್ ಬೀಪ್ ಅಂತು. ಕೊರತೆ ಅಂದರೆ ವೈರ್, ಪ್ಲಗ್, ಸ್ವಿಚ್ ಯಾವುದೂ ಜೊತೆಗೆ ಬರಲ್ಲ. 230 ವೋಲ್ಟಿನ ಸ್ಕ್ರೂ ಮತ್ತು 24ರ ಸ್ಕ್ರೂ ಒಂದೇ ಸಾಲಿನಲ್ಲಿವೆ, ಪೆಟ್ಟಿಗೆಯೊಳಗೆ ಮುಚ್ಚದೆ ಬಳಸಬೇಡಿ.

ಇನ್ನು ನನ್ನ ತಪ್ಪುಗಳು. ಪವರ್ ಇರುವಾಗಲೇ ಮೋಟರ್ ವೈರ್ ಎಳೆದೆ, ಒಂದು ಎ4988 ಸತ್ತಿತು. ಸಪ್ಲೈಯ ತಪ್ಪಲ್ಲ. ಡ್ರೈವರ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, 24ಕ್ಕೆ 50 ವೋಲ್ಟಿನದು ಒಳ್ಳೆಯದು. ಡ್ರೈವರ್ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಮಿತಿ ಮೊದಲೇ ಹೊಂದಿಸಿ. ಬಿಸಿ ಹೊರಹಾಕುವ ಹೀಟ್‌ಸಿಂಕ್ ಇಲ್ಲದೆ ಒಂದು ಆಂಪ್ ದಾಟಿಸಬೇಡಿ. ಊನೋದ ವಿನ್ ಅನ್ನುವ ಪವರ್ ಪಿನ್‌ಗೆ ಈ 24 ವೋಲ್ಟ್ ಕೊಡಲೇಬೇಡಿ, ಅದರ ಮಿತಿ 20. ನಾನು ವೋಲ್ಟ್ ಇಳಿಸುವ ಒಂದು ಎಲ್‌ಎಂ2596 ಮಾಡ್ಯೂಲ್‌ನಿಂದ 5 ವೋಲ್ಟ್ ಮಾಡಿ ಕೊಟ್ಟಿದ್ದೇನೆ.

ಅಂದ ಹಾಗೆ, ನಿಮ್ಮದು ನೀಲಿ ಮುಚ್ಚಳದ 28ಬಿವೈಜೆ-48 ಮೋಟರ್ ಆಗಿದ್ದರೆ ಇದರ ತಂಟೆಗೇ ಹೋಗಬೇಡಿ. ಅದರ ಯುಎಲ್‌ಎನ್2003 ಡ್ರೈವರ್ ಬೋರ್ಡ್ ಕರೆಂಟ್ ಕತ್ತರಿಸಲ್ಲ, 24 ಕೊಟ್ಟರೆ ಹೊಗೆ ಬರುತ್ತದೆ. ಅದಕ್ಕೆ ಡ್ರಾಯರ್‌ನಲ್ಲಿ ಬಿದ್ದಿರುವ 5 ವೋಲ್ಟ್ 1 ಆಂಪ್ ಫೋನ್ ಚಾರ್ಜರ್ ಸಾಕು.