ಮಗುವಿನ ಬೆನ್ನಿಗೆ ಕೈರೋಪ್ರಾಕ್ಟಿಕ್: ಮುಂಬಯಿಯ ಕೇಂದ್ರವೊಂದರ ವಿಮರ್ಶೆ

ಕೈರೋಪ್ರಾಕ್ಟಿಕ್ ಎಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ. ಮುಂಬಯಿಯ ಪಶ್ಚಿಮ ಉಪನಗರದಲ್ಲಿರುವ ಈ ಕೈರೋಪ್ರಾಕ್ಟಿಕ್ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಆಕ್ಷೇಪವಿರುವುದು ಅಲ್ಲಿ ಮಕ್ಕಳಿಗೆ ಈ ಚಿಕಿತ್ಸೆಯನ್ನು ಒದಗಿಸುವ ಕ್ರಮದ ಬಗ್ಗೆ. ಅಲ್ಲಿನ ಚಿಕಿತ್ಸಕರ ಮೇಲೆ ನನಗೆ ವೈಯಕ್ತಿಕವಾದ ಯಾವ ದೂರೂ ಇಲ್ಲ. ಹನ್ನೊಂದು ವರ್ಷದ ನನ್ನ ಮಗಳಿಗೆ ಶಾಲೆಯಿಂದ ಬಂದ ಮೇಲೆ ಬೆನ್ನಿನ ಕೆಳಭಾಗ ನೋಯುತ್ತಿತ್ತು, ಅದು ತಿಂಗಳು ಕಳೆದರೂ ಹೋಗಿರಲಿಲ್ಲ. ಮಾಟುಂಗಾದ ಕನ್ನಡ ಪರಿಚಿತರಲ್ಲಿ ಇಬ್ಬರು ಹಿರಿಯರಿಗೆ ಇದೇ ಕೇಂದ್ರದಲ್ಲಿ ಸೊಂಟನೋವು ಇಳಿದಿತ್ತು, ಅವರ ಮಾತಿನ ಮೇಲೆ ನಾವು ಹೋದೆವು. ಮಗುವಿಗೆ ಈ ಚಿಕಿತ್ಸೆ ತಕ್ಕದ್ದೇ ಎಂದು ಯೋಚಿಸುತ್ತಿರುವ ತಂದೆತಾಯಿಗಳಿಗೆ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಕೇಂದ್ರ ಸ್ವಚ್ಛವಾಗಿದೆ, ಕೊಟ್ಟ ಸಮಯಕ್ಕೆ ಸರಿಯಾಗಿ ಒಳಗೆ ಕರೆಯುತ್ತಾರೆ, ಶುಲ್ಕವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿದ್ದಾರೆ. ಚಿಕಿತ್ಸಕರು ಫಿಸಿಯೋಥೆರಪಿ ಪದವೀಧರರು. ಮಹಾರಾಷ್ಟ್ರ ರಾಜ್ಯದ ಫಿಸಿಯೋಥೆರಪಿ ಪರಿಷತ್ತಿನ ನೋಂದಣಿ ಪತ್ರವೂ ಕೈರೋಪ್ರಾಕ್ಟಿಕ್ ತರಬೇತಿಯ ಪ್ರಮಾಣಪತ್ರವೂ ಗೋಡೆಯ ಮೇಲಿದ್ದವು. ಇವೆರಡರ ತೂಕ ಒಂದೇ ಅಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಮೆರಿಕದಲ್ಲಿ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಪದವಿ ಇದೆ, ಪ್ರತಿ ರಾಜ್ಯದ ಪರವಾನಗಿಯೂ ಇದೆ. ನಮ್ಮಲ್ಲಿ ಫಿಸಿಯೋಥೆರಪಿಗೆ ಇರುವಂತಹ ಪರಿಷತ್ತು ಕೈರೋಪ್ರಾಕ್ಟಿಕ್‌ಗೆ ಇಲ್ಲದಿರುವುದರಿಂದ, ಎಷ್ಟು ಕಾಲ, ಎಲ್ಲಿ, ಯಾರಿಂದ ಕಲಿತಿರಿ ಎಂದು ಕೇಳುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ನಾನು ಕೇಳಿದಾಗ ಅವರು ಬೇಸರಿಸದೆ ಉತ್ತರಿಸಿದರು. ಮಗಳನ್ನು ನೇರವಾಗಿ ಮಾತನಾಡಿಸಿ, ನೋವು ಎಲ್ಲಿ ಎಂದು ಅವಳ ಬೆರಳಿನಿಂದಲೇ ತೋರಿಸಲು ಹೇಳಿದ್ದು ನನಗೆ ಹಿಡಿಸಿತು.

ತೊಂದರೆ ಆರಂಭವಾದದ್ದು ಪರೀಕ್ಷೆಯಲ್ಲಿ. ಬೆನ್ನುಮೂಳೆಯ ಉದ್ದಕ್ಕೂ ಬೆರಳಾಡಿಸಿ, ಕೆಲವು ಕಡೆ ಮೂಳೆ ಸ್ಥಾನ ತಪ್ಪಿದೆ ಎಂದು ಹೇಳಿ, ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿಕೊಂಡು ಬರಲು ಚೀಟಿ ಬರೆದರು. ಆದರೆ ಜ್ವರ ಬರುತ್ತಿದೆಯೇ, ತೂಕ ಇಳಿದಿದೆಯೇ, ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ, ಕಾಲಿನಲ್ಲಿ ಬಲ ಕುಂದಿದೆಯೇ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದೆಯೇ ಎಂಬ ಒಂದು ಪ್ರಶ್ನೆಯೂ ಬರಲಿಲ್ಲ. ಮಕ್ಕಳ ಬೆನ್ನುನೋವಿನಲ್ಲಿ ಮೊದಲು ಕೇಳಬೇಕಾದವು ಇವೇ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಸೋಂಕು, ಗೆಡ್ಡೆ, ಮೂಳೆಯ ಸಣ್ಣ ಬಿರುಕು ಇವು ವಿರಳವಾದರೂ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತವೆ, ಮತ್ತು ಅಂತಹ ಬೆನ್ನನ್ನು ಒತ್ತಿ ತಿರುಚಿದರೆ ಆಗುವ ಹಾನಿ ದೊಡ್ಡದು. ರೋಗವೇನೆಂದು ತಿಳಿಯುವ ಮೊದಲೇ ಚಿಕಿತ್ಸೆಯ ಮೇಜು ಸಿದ್ಧವಾಗಿದ್ದದ್ದನ್ನು ತಾಯಿಯಾಗಿ ನಾನು ಒಪ್ಪಿಕೊಳ್ಳಲಾರೆ. ಎಕ್ಸ್‌ರೇ ಕೂಡ ಸುಮ್ಮನೆ ತೆಗೆಸುವಂಥದ್ದಲ್ಲ. ಬೆಳೆಯುವ ದೇಹಕ್ಕೆ ವಿಕಿರಣ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು, ಹಾಗಾಗಿ ಪರೀಕ್ಷೆಯಲ್ಲಿ ಸ್ಪಷ್ಟವಾದ ಕಾರಣ ಕಂಡರೆ ಮಾತ್ರ ತೆಗೆಸಬೇಕು.

ಈ ‘ಸ್ಥಾನ ತಪ್ಪಿದ ಮೂಳೆ’ ಎಂಬ ಕಲ್ಪನೆ ಕೈರೋಪ್ರಾಕ್ಟಿಕ್‌ನ ಹುಟ್ಟಿನಷ್ಟೇ ಹಳೆಯದು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು, ಕಿವಿ ಕೇಳದ ಒಬ್ಬ ಕೆಲಸಗಾರನ ಬೆನ್ನನ್ನು ಒತ್ತಿ ಶ್ರವಣ ಮರಳಿಸಿದೆನೆಂದು ಹೇಳಿಕೊಂಡದ್ದು ಇದರ ಆರಂಭ. ಬಹುಪಾಲು ರೋಗಗಳ ಮೂಲ ಬೆನ್ನುಮೂಳೆಯ ಸ್ಥಾನಪಲ್ಲಟದಲ್ಲಿದೆ ಎಂಬ ಅವರ ವಾದಕ್ಕೆ ಆಧುನಿಕ ವೈದ್ಯವಿಜ್ಞಾನದಲ್ಲಿ ಆಧಾರ ಸಿಕ್ಕಿಲ್ಲ. ಬೆನ್ನು ಒತ್ತಿದಾಗ ಕೇಳುವ ‘ಲಟ್’ ಎಂಬ ಸದ್ದು ಮೂಳೆ ಮರಳಿ ಕೂರುವ ಸದ್ದಲ್ಲ. ಬೆರಳಿನ ನೆಟಿಗೆ ತೆಗೆದಾಗ ಆಗುವಂತೆ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುವ ಸದ್ದು ಅದು. ವಯಸ್ಕರ ಸೊಂಟನೋವಿಗೆ ಈ ಕೈಚಿಕಿತ್ಸೆಯಿಂದ ಅಲ್ಪಸ್ವಲ್ಪ ಪರಿಹಾರ ಸಿಗುತ್ತದೆ, ವ್ಯಾಯಾಮದಂತಹ ಇತರ ಉಪಾಯಗಳಿಂದ ಸಿಗುವಷ್ಟೇ. ನಮ್ಮ ಹಿರಿಯರ ಅನುಭವ ಸುಳ್ಳಲ್ಲ. ಆದರೆ ಅವರ ಸೊಂಟಕ್ಕೆ ಒಗ್ಗಿದ್ದು ಬೆಳೆಯುವ ಮಗುವಿಗೂ ಒಗ್ಗುತ್ತದೆ ಎಂದು ತೀರ್ಮಾನಿಸಲು ಆಗದು.

ಕಾಯುವ ಕೋಣೆಯ ಭಿತ್ತಿಪತ್ರ ನನ್ನನ್ನು ಇನ್ನೂ ಹೆಚ್ಚು ಕಳವಳಗೊಳಿಸಿತು. ಹಾಸಿಗೆಯಲ್ಲಿ ಮೂತ್ರ ಮಾಡುವುದು, ಕಿವಿಯ ಸೋಂಕು, ಅಸ್ತಮಾ, ಹಸುಗೂಸಿನ ಹೊಟ್ಟೆನುಲಿತದ ಅಳು, ಓದಿನಲ್ಲಿ ಗಮನವಿಲ್ಲದಿರುವುದು, ಇವೆಲ್ಲಕ್ಕೂ ಬೆನ್ನುಮೂಳೆಯ ಸರಿಪಡಿಕೆಯೇ ಉತ್ತರ ಎಂದು ಅದರಲ್ಲಿತ್ತು. ಇಂತಹ ಮಾತುಗಳ ಮೇಲೆಯೇ ಬ್ರಿಟನ್ನಿನಲ್ಲಿ ದೊಡ್ಡ ಮೊಕದ್ದಮೆ ನಡೆದಿತ್ತು. 2008ರಲ್ಲಿ ವಿಜ್ಞಾನ ಬರಹಗಾರ ಸೈಮನ್ ಸಿಂಗ್ ಇಂತಹ ಹೇಳಿಕೆಗಳಿಗೆ ಪುರಾವೆಯಿಲ್ಲ ಎಂದು ಪತ್ರಿಕೆಯಲ್ಲಿ ಬರೆದಾಗ, ಅಲ್ಲಿನ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟದ ದಾವೆ ಹೂಡಿ, ಕೊನೆಗೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹಸುಗೂಸಿನ ಆ ಅಳು ಸುಮಾರು ಆರನೆಯ ವಾರದಲ್ಲಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನೇ ತಗ್ಗುತ್ತದೆ. ಐದು ವರ್ಷದ ಮಕ್ಕಳಲ್ಲಿ ಶೇ. 15ರಷ್ಟು ಮಂದಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಪ್ರತಿ ವರ್ಷವೂ ಅವರಲ್ಲಿ ಒಂದಷ್ಟು ಮಕ್ಕಳು ಚಿಕಿತ್ಸೆಯಿಲ್ಲದೆಯೇ ಅದನ್ನು ದಾಟುತ್ತಾರೆ. ಕಾಲವೇ ಗುಣಪಡಿಸುವ ಕಡೆ ಯಾವ ಚಿಕಿತ್ಸೆ ಮಾಡಿದರೂ ಫಲ ಕೊಟ್ಟಂತೆ ಕಾಣುತ್ತದೆ. ಅಸ್ತಮಾದ ಮಾತು ಬೇರೆ: ಅಲ್ಲಿ ಇನ್ಹೇಲರ್ ಬಿಟ್ಟು ಬೆನ್ನು ಒತ್ತಿಸಿಕೊಂಡರೆ ಮಗುವಿನ ಜೀವಕ್ಕೇ ಕುತ್ತು.

ಆಸ್ಟ್ರೇಲಿಯಾದಲ್ಲಿ ಈ ವೃತ್ತಿಗೆ ಕಾನೂನಿನ ಮಾನ್ಯತೆ ಇದೆ. ಅಲ್ಲಿಯೇ 2019ರಲ್ಲಿ ವಿಕ್ಟೋರಿಯಾ ರಾಜ್ಯ ಹನ್ನೆರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ಚಿಕಿತ್ಸೆಯನ್ನು ಪರಿಶೀಲಿಸಿ, ಪ್ರಯೋಜನಕ್ಕೆ ಬಲವಾದ ಪುರಾವೆ ಇಲ್ಲ ಎಂದು ವರದಿ ನೀಡಿತು. ಗಂಭೀರ ಹಾನಿಯ ದೂರುಗಳು ಅಲ್ಲಿ ಬಹಳ ಕಡಿಮೆ ಎಂಬುದನ್ನೂ ಅದೇ ವರದಿ ದಾಖಲಿಸಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡು ವರ್ಷದೊಳಗಿನ ಶಿಶುಗಳ ಬೆನ್ನುಮೂಳೆಯನ್ನು ಒತ್ತಬಾರದೆಂಬ ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯ ನಿರ್ಬಂಧ ನಡುವೆ ಸಡಿಲಗೊಂಡು 2024ರಲ್ಲಿ ಮತ್ತೆ ಜಾರಿಗೆ ಬಂತು. ಹಾನಿ ವಿರಳವಿರಬಹುದು, ಆದರೆ ಲಾಭವೇ ಖಚಿತವಿಲ್ಲದ ಕಡೆ ವಿರಳ ಹಾನಿಯನ್ನೂ ಮಗುವಿನ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಕುತ್ತಿಗೆಯನ್ನು ಥಟ್ಟನೆ ತಿರುಗಿಸುವುದನ್ನಂತೂ ಬಿಡಲೇಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುವ ಸಂಭವವಿರುವುದರಿಂದ ಅಪಾಯ ಇನ್ನೂ ಹೆಚ್ಚು.

ಹಣದ ವಿಷಯದಲ್ಲಿ, ಹಲವು ತಿಂಗಳ ಚಿಕಿತ್ಸೆಯ ಶುಲ್ಕವನ್ನು ಮುಂಗಡ ಕಟ್ಟಿದರೆ ರಿಯಾಯಿತಿ ಎಂದರು. ಒಪ್ಪಿಗೆ ಪತ್ರ ವಯಸ್ಕರಿಗೆಂದು ಅಚ್ಚಾದದ್ದು, ಅಪಾಯದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾವು ಸಹಿ ಹಾಕದೆ, ಮೊದಲ ಭೇಟಿಯ ಶುಲ್ಕ ಕೊಟ್ಟು ಬಂದೆವು, ಅವರು ಒತ್ತಾಯಿಸಲಿಲ್ಲ.

ನಂತರ ನಮ್ಮ ಮಕ್ಕಳ ವೈದ್ಯರ ಸಲಹೆಯಂತೆ ಮಕ್ಕಳ ಮೂಳೆತಜ್ಞರನ್ನು ಕಂಡೆವು. ಮೇಲಿನ ಪ್ರಶ್ನೆಗಳನ್ನೆಲ್ಲ ಅವರು ಕೇಳಿದರು, ಮಗಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಎರಡೂ ಬದಿ ಸಮವಾಗಿದೆಯೇ ಎಂದು ನೋಡಿದರು, ಎಕ್ಸ್‌ರೇ ಈಗ ಬೇಡ ಎಂದರು. ಬೆನ್ನು ಹುರಿಗಟ್ಟುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟರು. ಶಾಲೆಯ ಚೀಲವನ್ನು ತೂಗಿ ನೋಡಿದಾಗ, 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುವ ಮಿತಿಯನ್ನು, ಅಂದರೆ ಮಗುವಿನ ತೂಕದ ಶೇ. 10ನ್ನು, ಅದು ಮೀರಿತ್ತು. ಚೀಲ ಹಗುರವಾಯಿತು, ನೋವೂ ಇಳಿಯಿತು. ಮಕ್ಕಳ ಇಂತಹ ನೋವು ಎಷ್ಟೋ ಸಲ ತಾನಾಗಿ ಇಳಿಯುವುದರಿಂದ ಶ್ರೇಯಸ್ಸನ್ನು ವ್ಯಾಯಾಮಕ್ಕೇ ಪೂರ್ತಿ ಕೊಡಲಾರೆ.

ಬೆನ್ನು ಒಂದು ಕಡೆಗೆ ಬಾಗಿದೆ ಎಂದು ಅನುಮಾನವಿರುವವರು ಕೈರೋಪ್ರಾಕ್ಟಿಕ್‌ನಲ್ಲಿ ಕಾಲ ಕಳೆಯಬಾರದು. ಬೆಳವಣಿಗೆಯ ವಯಸ್ಸಿನಲ್ಲಿ ಸಾಮಾನ್ಯವಾಗಿ 25ರಿಂದ 40 ಡಿಗ್ರಿಯ ಬಾಗಿಗೆ ಬ್ರೇಸ್, ಅಂದರೆ ಮೈಗೆ ತೊಡಿಸುವ ಗಟ್ಟಿ ಆಧಾರಪಟ್ಟಿ, ಹಾಕುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಲ್ಲಿ ಶೇ. 72ರಷ್ಟು ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ, ಬರೇ ಗಮನಿಸುತ್ತ ಉಳಿದವರಲ್ಲಿ ಈ ಪ್ರಮಾಣ ಶೇ. 48. ಎಲುಬು ಬೆಳೆದು ನಿಂತ ಮೇಲೆ ಬ್ರೇಸ್‌ನಿಂದ ಈ ಪ್ರಯೋಜನ ಸಿಗದು.

ರೋಗನಿರ್ಣಯ ಮೊದಲೇ ಆಗಿರುವ ವಯಸ್ಕರು ಸೊಂಟನೋವಿಗೆ ಈ ಕೇಂದ್ರಕ್ಕೆ ಹೋಗುವುದಾದರೆ ನಾನು ಬೇಡವೆನ್ನುವುದಿಲ್ಲ. ಮಕ್ಕಳನ್ನು ಕರೆದೊಯ್ಯಬೇಡಿ ಎಂದೇ ಹೇಳುತ್ತೇನೆ. ಭಿತ್ತಿಪತ್ರವನ್ನು ತೆಗೆಯಬೇಕು, ವೈದ್ಯರ ಚೀಟಿಯಿಲ್ಲದೆ ಮಕ್ಕಳನ್ನು ಮೇಜಿನ ಮೇಲೆ ಮಲಗಿಸಬಾರದು ಎಂದು ಕೇಂದ್ರಕ್ಕೆ ಪತ್ರ ಬರೆದಿದ್ದೇನೆ. ಎರಡನೆಯದನ್ನು ಪರಿಶೀಲಿಸುವುದಾಗಿ ಉತ್ತರಿಸಿದ್ದಾರೆ.