ಹಂಚಿನ ಅಟ್ಟಕ್ಕೆ ಎರಡನೇ ಪದರ ಗ್ಲಾಸ್ ವೂಲ್ ಹಾಕಿಸುವ ಮುಂಚೆ ಇದನ್ನು ಓದಿ

ಧಾರವಾಡದಲ್ಲಿ ನಮ್ಮದು ಹಳೇ ಮಂಗಳೂರು ಹಂಚಿನ ಮನೆ. ಮೂರು ವರ್ಷದ ಹಿಂದೆ ಅಟ್ಟವನ್ನೇ ಮಗಳಿಗೆ ಓದೋ ಕೋಣೆ ಮಾಡಿಸಿದ್ದೆವು. ಪಕಾಸಿಗಳ (ಹಂಚು ಹೊರುವ ಇಳಿಜಾರು ಮರದ ತೊಲೆಗಳ) ನಡುವೆ 2 ಇಂಚಿನ ಗ್ಲಾಸ್ ವೂಲ್, ಅಂದರೆ ಶಾಖ ತಡೆಯುವ ಗಾಜಿನ ಎಳೆಗಳ ಹಾಸು, ಕೆಳಗೆ ಜಿಪ್ಸಂ ಬೋರ್ಡ್. ಎರಡು ಮಳೆಗಾಲ ಏನೂ ತೊಂದರೆ ಆಗಲಿಲ್ಲ. ಆದರೆ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ಗುತ್ತಿಗೆದಾರರನ್ನು ಕರೆಸಿದೆ. ಒಂದು ಬೋರ್ಡ್ ಬಿಚ್ಚಿ ನೋಡಿದರು. "ಹಂಚಿನ ಕೆಳಗ ಇನ್ನೂ ಎರಡು ಇಂಚು ಖಾಲಿ ಐತ್ರಿ ಸರ್. ಅದನ್ನೂ ತುಂಬಿಬಿಟ್ರ ಧಗಿ ಬರೂದ ಇಲ್ಲ" ಅಂದರು. ನನಗೂ ಸರಿ ಅನಿಸಿತು. ಮೂರೇ ದಿನದಲ್ಲಿ ಹಂಚಿಗೆ ತಾಗುವಂತೆ ಒತ್ತಿ ತುಂಬಿ ಹೋದರು. ಮೇ ತಿಂಗಳಲ್ಲಿ ಕೋಣೆ ನಿಜಕ್ಕೂ ತಂಪಾಗಿತ್ತು.

ಆಗಸ್ಟಿನಲ್ಲಿ ಮಗಳು "ಅಪ್ಪಾ, ಮ್ಯಾಲೆ ಏನೋ ವಾಸನಿ ಬರಾಕತ್ತೈತಿ" ಅಂದಳು. ಹಸಿ ಗೋಣಿಚೀಲದ ವಾಸನೆ. ಬೋರ್ಡಿನ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ. ನಮ್ಮ ಓಣಿಯ ಬಡಿಗೇರ ಕಾಕಾ ಬಂದು ಬೋರ್ಡ್ ಇಳಿಸಿದರು. ಹಳದಿ ಗ್ಲಾಸ್ ವೂಲ್ ಕಪ್ಪಗಾಗಿ, ಹಿಂಡಿದರೆ ನೀರು ಸುರಿಯಿತು. ಕಾಕಾ ಪಕಾಸಿಗೆ ಉಳಿ ಚುಚ್ಚಿದರು. ಸುತ್ತಿಗೆಯೇ ಬೇಕಾಗಲಿಲ್ಲ, ಉಳಿಯ ತುದಿ ಅರ್ಧ ಇಂಚು ಒಳಗೆ ಇಳಿಯಿತು. ಅಜ್ಜನ ಕಾಲದ ಕಟ್ಟಿಗೆ ಅದು. ನನಗೆ ಮಾತೇ ಹೊರಡಲಿಲ್ಲ.

"ಗಾಳಿ ಆಡ್ಲಿ ಅಂತ ಬಿಟ್ಟ ಜಾಗಾರೀ ಅದು" ಅಂದರು ಕಾಕಾ.

ಹಂಚಿನ ಮಾಡು ಪೂರ್ತಿ ನೀರು ತಡೆಯುವುದಿಲ್ಲ. ಗಾಳಿಮಳೆಗೆ ಸಂದಿಯಲ್ಲಿ ಎರಚಲು ಒಳಗೆ ಬರುತ್ತದೆ, ಹಂಚು ತಾನೂ ಸ್ವಲ್ಪ ನೀರು ಹೀರುತ್ತದೆ. ಕೆಳಗೆ ಗಾಳಿ ಓಡಾಡುತ್ತಿದ್ದರೆ ಆರುತ್ತದೆ, ಅಷ್ಟೇ. ಜೊತೆಗೆ ಕೋಣೆಯ ಒಳಗಿನ ತೇವವೂ ಮೇಲೇರುತ್ತದೆ. ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುತ್ತಿದ್ದದ್ದೂ ಅಲ್ಲೇ! ಗಾಳಿಯ ದಾರಿ ಮುಚ್ಚಿದ ಮೇಲೆ ಮಳೆನೀರು, ಒಳಗಿನ ತೇವ ಎರಡೂ ಗ್ಲಾಸ್ ವೂಲಿನಲ್ಲೇ ಕೂತವು. ಎಳೆಗಳ ನಡುವೆ ನಿಂತ ಗಾಳಿಯೇ ಶಾಖ ತಡೆಯುವುದು, ಅಲ್ವಾ? ಆ ಜಾಗಕ್ಕೆ ನೀರು ಬಂದರೆ ಅದು ಒದ್ದೆ ಹತ್ತಿಯಷ್ಟೇ. ಒತ್ತಿ ತುಂಬಿದರೂ ದಪ್ಪ ಕಡಿಮೆಯಾಗಿ ಕೆಲಸ ಕೆಡುತ್ತದೆ.

ಏಳು ಪಕಾಸಿ ಬದಲಾಯಿಸಬೇಕಾಯಿತು. ಆ ಗುತ್ತಿಗೆದಾರರು ಈಗ ಫೋನ್ ಎತ್ತುವುದಿಲ್ಲ.

ಎರಡನೇ ಪದರ ಹಾಕಿಸಲೇಬೇಡಿ ಅಂತ ಹೇಳುತ್ತಿಲ್ಲ. ಪಕಾಸಿಯ ಮೇಲ್ಭಾಗದಲ್ಲಿ ಬೇಡ, ಕೆಳಗಡೆ ಹಾಕಿಸಿ. ಈ ಸಲ ನಾವು ಪಕಾಸಿಗಳಿಗೆ ಅಡ್ಡಲಾಗಿ 2 ಇಂಚಿನ ರೀಪು ಹೊಡೆಸಿ, ಅವುಗಳ ನಡುವೆ ಹಾಸಿಸಿದೆವು. ತಲೆಯ ಮೇಲೆ ಎರಡು ಇಂಚು ಎತ್ತರ ಹೋಯಿತು, ಪರವಾಗಿಲ್ಲ. ಹಂಚಿನ ಕೆಳಗಿನ ಜಾಗ ಖಾಲಿ ಇದೆ. ಸೂರಿನಲ್ಲೂ ಮಾಡಿನ ನೆತ್ತಿಯಲ್ಲೂ ಜಾಲರಿ ಹಾಕಿ ಗಾಳಿಗೆ ದಾರಿ ಬಿಟ್ಟಿದ್ದೇವೆ. ಅಲ್ಯೂಮಿನಿಯಂ ಹಾಳೆ ಹಾಕಿಸುವುದಾದರೆ ಹೊಳೆಯುವ ಬದಿಯ ಎದುರು ಒಂದು ಇಂಚಾದರೂ ಖಾಲಿ ಇರಬೇಕು. ಎರಡೂ ಕಡೆ ಏನಾದರೂ ತಾಗಿಕೊಂಡಿದ್ದರೆ ಅದು ಸುಮ್ನೆ ದುಡ್ಡಿನ ದಂಡ. ಜಾಸ್ತಿ ಅಗ್ಗ ಅಂತ ಬರೀ ಥರ್ಮಾಕೋಲ್ ತುಂಬಿಸಬೇಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ, ತಾಗಿಕೊಂಡ ಕರೆಂಟ್ ವೈರಿನ ಪಿವಿಸಿ ಹೊದಿಕೆಯನ್ನೂ ಕೆಡಿಸುತ್ತದೆ.

ಬೋರ್ಡ್ ಹೊಡೆಯುವ ಮುಂಚೆ ನೀವೇ ಏಣಿ ಹತ್ತಿ. ಗ್ಲಾಸ್ ವೂಲ್ ಮತ್ತು ಹಂಚಿನ ನಡುವೆ ಕೈ ಹಾಕಿ ನೋಡಿ, ಕೈ ಸಲೀಸಾಗಿ ಹೋಗಬೇಕು. ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ. ಆ ಎಳೆ ಮೈಗೆ ತಾಗಿದರೆ ತುರಿಕೆ ಹೇಳತೀರದು.